ಚಳಿಗಾಲದಲ್ಲಿ ಟೊಂಗೆ ಸವರಬೇಕಾ? ಕರಾವಳಿ ಮತ್ತು ಶಿರಸಿ ಸೀಮೆಯ ಮನೆತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಳಸಿ ಮದುವೆ ಹೊತ್ತಿಗೆ ನಮ್ಮಲ್ಲಿ ಬೆಳಿಗ್ಗೆ ಇಬ್ಬನಿ ಬೀಳಲು ಶುರುವಾಗುತ್ತದೆ. ಅದರ ಹಿಂದೆಯೇ ನನಗೆ ಫೋನ್ ಬರಲು ಶುರು. "ಚಳಿ ಬಂತಲ್ಲ, ಮಾವಿನ ಟೊಂಗೆ ತೆಗೆಸ್ಲಾ?" "ದ್ರಾಕ್ಷಿ ಬಳ್ಳಿ ಈಗ ಕತ್ತರಿಸಬೇಕಂತೆ, ಹೌದಾ?" ನಮ್ಮ ಮನೆ ಕುಮಟಾ ಹತ್ತಿರ, ನನ್ನ ತವರು ಶಿರಸಿ ಪಕ್ಕ. ಕಸಿ ಕಟ್ಟುವುದು, ಗಿಡ ಸವರುವುದು ಇಪ್ಪತ್ತು ವರ್ಷದಿಂದ ನನ್ನ ಕೆಲಸ. ಒಬ್ಬೊಬ್ಬರಿಗೆ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಚಳಿಗಾಲದಲ್ಲೇ ಸವರಬೇಕು ಅಂತ ಎಲ್ಲ ಕಡೆ ಹೇಳ್ತಾರಲ್ಲ, ನಮ್ಮಲ್ಲೂ ಹಾಗೇನಾ?

ಅಲ್ಲ. ಆ ಮಾತು ಹಿಮ ಬೀಳುವ ಊರಿನದು. ಕಾಶ್ಮೀರ, ಹಿಮಾಚಲದಲ್ಲಿ ಸೇಬು, ಪೀಚ್, ಪ್ಲಮ್ ಮರಗಳು ಚಳಿ ಬಂದ ಕೂಡಲೇ ಎಲೆ ಉದುರಿಸಿ ಮಲಗುತ್ತವೆ. ತಮ್ಮ ಸತ್ವವನ್ನೆಲ್ಲ ಬೇರಿನಲ್ಲಿ, ಕಾಂಡದಲ್ಲಿ ಕೂಡಿಟ್ಟುಕೊಂಡಿರುತ್ತವೆ. ಆಗ ಟೊಂಗೆ ತೆಗೆದರೆ ಮರಕ್ಕೆ ನಷ್ಟ ಕಡಿಮೆ. ಎಲೆ ಇಲ್ಲದ್ದರಿಂದ ಮರದ ಅಸ್ಥಿಪಂಜರ ಪೂರ್ತಿ ಕಾಣುತ್ತದೆ, ಯಾವುದು ಬೇಕು ಯಾವುದು ಬೇಡ ಅಂತ ನೋಡಲೂ ಸುಲಭ. ವಸಂತದಲ್ಲಿ ಚಿಗುರುವಾಗ ಕೂಡಿಟ್ಟ ಶಕ್ತಿಯೆಲ್ಲ ಉಳಿದ ಟೊಂಗೆಗಳಿಗೆ ಹೋಗುತ್ತದೆ.

ನಮ್ಮ ಮಾವು, ಗೇರು, ಹಲಸು, ಚಿಕ್ಕು, ಮುರುಗಲು (ಕೋಕಂ) ಯಾವುದೂ ಹಾಗೆ ಮಲಗುವುದಿಲ್ಲ. ಡಿಸೆಂಬರ್‌ನಲ್ಲಿ ಅವು ಹೂವಿನ ಕೆಲಸದಲ್ಲಿರುತ್ತವೆ. ಅಂಥ ಹೊತ್ತಲ್ಲಿ ಕತ್ತಿ ಹಾಕಿದರೆ ಮುಂದಿನ ಬೇಸಿಗೆಯ ಹಣ್ಣನ್ನೇ ಕಡಿದ ಹಾಗೆ. ಅಲ್ಲಿನವರಿಗೆ ಹಿಮ ಗಡಿಯಾರ, ನಮಗೆ ಮಳೆ ಗಡಿಯಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬೆಳೆಯುತ್ತದೆ. ಮಳೆ ನಿಂತ ಮೇಲೆ ಬಲಿಯುತ್ತದೆ. ಇಬ್ಬನಿಯಲ್ಲಿ ಹೂ ಬಿಡುತ್ತದೆ. ಈ ಸುತ್ತು ನೋಡಿಕೊಂಡೇ ಕತ್ತರಿ ಎತ್ತಬೇಕು.

ಹಾಗಾದ್ರೆ ಯಾವ ಮರಕ್ಕೆ ಯಾವಾಗ ಅಂತ ತಿಳಿಯೋದು ಹೇಗೆ?

ಮರದ ಹತ್ತಿರ ಹೋಗಿ ಒಂದೇ ಒಂದು ಸಂಗತಿ ನೋಡಿ: ಹೂವು ಎಲ್ಲಿ ಬರುತ್ತದೆ?

ಮಾವಿಗೆ ಬಲಿತ ಟೊಂಗೆಯ ತುದಿಯಲ್ಲಿ ಹೂವು. ಮಳೆಗಾಲದಲ್ಲಿ ಬಂದ ಚಿಗುರು ನಾಲ್ಕೈದು ತಿಂಗಳು ಬಲಿತರೆ ಮಾತ್ರ ಹೂ ಹೊರುತ್ತದೆ. ಹಾಗಾಗಿ ಮಾವನ್ನು ಕೊಯ್ಲು ಮುಗಿದ ಕೂಡಲೇ ಸವರಬೇಕು. ಪೇರಲೆಗೆ ಹೊಸ ಚಿಗುರಲ್ಲೇ ಹೂವು, ಸವರಿದಷ್ಟೂ ಒಳ್ಳೆಯದು. ಹಲಸಿಗೆ ಬೊಡ್ಡೆಯಲ್ಲಿ, ದಪ್ಪ ಟೊಂಗೆಯಲ್ಲಿ ಕಾಯಿ. ಅದರ ತುದಿ ಸವರಿ ಏನೂ ಲಾಭ ಇಲ್ಲ. ದ್ರಾಕ್ಷಿಗೆ ಕಳೆದ ಹಂಗಾಮಿನ ಬಲಿತ ಕಡ್ಡಿಯ ಕಣ್ಣಿಂದ, ಅಂದರೆ ಗೆಣ್ಣಿನ ಮೊಗ್ಗಿಂದ, ಹೊರಟ ಹೊಸ ಚಿಗುರಲ್ಲಿ ಗೊಂಚಲು.

ಇಷ್ಟು ಗೊತ್ತಾದರೆ ಅರ್ಧ ಕೆಲಸ ಆಯಿತು. ತಿಂಗಳ ಹೆಸರು ಬಾಯಿಪಾಠ ಮಾಡುವ ಅಗತ್ಯ ಇಲ್ಲ.

ನಮ್ಮ ಮನೆ ಇಷಾಡ ಮಾವಿನ ಮರ ತುಂಬಾ ದಟ್ಟ ಆಗಿದೆ. ಡಿಸೆಂಬರ್‌ನಲ್ಲಿ ಸ್ವಲ್ಪ ತೆಗೆದ್ರೆ ಏನಾಗುತ್ತೆ?

ನಾನು ತೆಗೆದಿದ್ದೆ, ಏನಾಯಿತು ಅಂತ ಹೇಳುತ್ತೇನೆ. ಮದುವೆಯಾಗಿ ಬಂದ ಎರಡನೇ ವರ್ಷ. ಚಳಿಗಾಲದಲ್ಲಿ ಸವರಿದರೆ ಫಸಲು ಜಾಸ್ತಿ ಅಂತ ಎಲ್ಲೋ ಓದಿದ್ದೆ. ಅಂಗಳದ ಕರಿ ಇಷಾಡದ ಮರಕ್ಕೆ ಆಳು ಹತ್ತಿಸಿ ಎಂಟು ಹತ್ತು ಟೊಂಗೆ ಇಳಿಸಿದೆ. ಜನವರಿಯಲ್ಲಿ ಊರ ಮರಗಳೆಲ್ಲ ಹೂ ಹೊತ್ತು ನಿಂತಿದ್ದವು. ನಮ್ಮದು ಮಾತ್ರ ತಾಮ್ರ ಬಣ್ಣದ ಎಳೆ ಚಿಗುರು ಬಿಟ್ಟಿತ್ತು. ನೋಡಲು ಚೆಂದ, ಆದರೆ ಒಂದು ಹೂಗೊಂಚಲೂ ಇಲ್ಲ. ಅತ್ತೆ ಒಂದು ಮಾತೂ ಆಡಲಿಲ್ಲ. ಆದರೆ ಆ ಮೇ ತಿಂಗಳಲ್ಲಿ ಅಂಕೋಲೆಯ ರಸ್ತೆ ಬದಿಯಿಂದ ಇಷಾಡದ ಹಣ್ಣು ಕೊಂಡು ತಂದರು. ನಮ್ಮ ಮನೆಗೆ ಮಾವಿನ ಹಣ್ಣು ದುಡ್ಡು ಕೊಟ್ಟು ತಂದದ್ದು ಅದೇ ಮೊದಲು. ನನಗೆ ಇವತ್ತಿಗೂ ಮರೆತಿಲ್ಲ.

ಕಾರಣ ಸರಳ. ಟೊಂಗೆ ಕಡಿದ ಕೂಡಲೇ ಮರಕ್ಕೆ ಚಿಗುರುವ ಆತುರ. ಆ ಚಿಗುರು ಬಲಿಯಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಹೂವಿನ ಕಾಲ ಮುಗಿದಿರುತ್ತದೆ.

ಇಷಾಡಕ್ಕೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಅಂಕೋಲೆಯ ಕರಿ ಇಷಾಡ ಅಂತ. ತೆಳು ಸಿಪ್ಪೆ, ತುಂಬಾ ತಿರುಳು, ಕೊಯ್ದ ಮೇಲೆ ಹೆಚ್ಚು ದಿನ ತಾಳದ ಹಣ್ಣು. ಅಂಥ ಮರ ಇರುವವರು ದಯವಿಟ್ಟು ಹೀಗೆ ಮಾಡಿ: ಮೇ ಕೊನೆಗೆ ಹಣ್ಣು ಮುಗಿದ ತಕ್ಷಣ, ಮಿರ್ಗದ ಮಳೆ ಗಟ್ಟಿಯಾಗಿ ಹಿಡಿಯುವ ಮೊದಲು ಸವರಿ. ಒಂದಕ್ಕೊಂದು ತಿಕ್ಕುವ ಟೊಂಗೆ, ಒಣಗಿದ್ದು, ಮರದ ಒಳಹೊಟ್ಟೆಯಲ್ಲಿ ನೆಟ್ಟಗೆ ಮೇಲೆ ಹೋದದ್ದು, ಇಷ್ಟೇ. ಮರದ ನಡುವಿಗೆ ಬೆಳಕು ಇಳಿಯಬೇಕು. ಮಧ್ಯಾಹ್ನ ಬುಡದಲ್ಲಿ ನಿಂತರೆ ನೆಲದ ಮೇಲೆ ಬಿಸಿಲಿನ ಚುಕ್ಕೆ ಕಾಣಬೇಕು. ಕಂಡಿತು ಅಂದರೆ ಅಲ್ಲಿಗೇ ನಿಲ್ಲಿಸಿ. ಒಂದೇ ವರ್ಷದಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ.

ದಟ್ಟ ಮರದಲ್ಲಿ ಇಬ್ಬನಿ ಬೇಗ ಆರುವುದಿಲ್ಲ. ಹೂವಿಗೆ ಬೂದಿ ರೋಗ, ಜಿಗಿಹುಳು ಬರುವುದು ಅದರಿಂದಲೇ. ಔಷಧ ಹೊಡೆಯುವ ಮೊದಲು ಗಾಳಿ ಬೆಳಕು ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮಳೆ ಬೇಗ ಬಂದುಬಿಟ್ಟಿತು, ಸವರೋಕೆ ಆಗ್ಲಿಲ್ಲ. ಮಳೆಯಲ್ಲೇ ಮಾಡಬಹುದಾ?

ಬೇಡ. ಕಾರವಾರ, ಕುಮಟಾ ಕಡೆ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಹಸಿ ಗಾಯಕ್ಕೆ ದಿನವಿಡೀ ನೀರು ಬಿದ್ದರೆ ಶಿಲೀಂಧ್ರ ಒಳಗೆ ಇಳಿಯುತ್ತದೆ. ತುದಿಯಿಂದ ಹಿಂದಕ್ಕೆ ಒಣಗುತ್ತಾ ಬರುವ ರೋಗ ನೀವು ನೋಡಿರಬಹುದು. ಬಹಳ ಸಲ ಅದು ಶುರುವಾಗುವುದು ಇಂಥ ಗಾಯದಲ್ಲೇ. ನಡುವೆ ನಾಲ್ಕೈದು ದಿನ ಹೊಳವಾದರೆ ಸಣ್ಣ ಟೊಂಗೆ ತೆಗೆಯಬಹುದು. ದೊಡ್ಡದನ್ನು ಮುಂದಿನ ವರ್ಷಕ್ಕೆ ಬಿಡಿ.

ಗಾಳಿಗೆ ಮುರಿದದ್ದರ ಮಾತು ಬೇರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕಡಲ ಬದಿಯ ಎಷ್ಟೋ ಮರಗಳ ಟೊಂಗೆ ಸಿಗಿದು ನೇತಾಡುತ್ತಿದ್ದವು. ಅಂಥದ್ದನ್ನು ಯಾವ ಕಾಲವಾದರೂ ತಕ್ಷಣ ತೆಗೆದು ಗಾಯ ನೀಟು ಮಾಡಬೇಕು.

ಅಪ್ಪೆಮಿಡಿ ಮರ ಸವರಬೇಕಾ?

ಹೊಳೆ ಬದಿಯ ದೊಡ್ಡ ಅಪ್ಪೆ ಮರಕ್ಕೆ ಯಾರೂ ಸವರುವುದು ಬೇಕಿಲ್ಲ. ಅದಕ್ಕೆ ಬೇಕಾದ್ದು ನಮ್ಮಿಂದ ರಕ್ಷಣೆ. ಮಿಡಿ ಕೊಯ್ಯುವ ಹೊತ್ತಲ್ಲಿ ಟೊಂಗೆಯನ್ನೇ ಕಡಿದು ಕೆಳಗೆ ಬೀಳಿಸಿ, ನೆಲದ ಮೇಲೆ ಕೂತು ಮಿಡಿ ಆರಿಸುವ ಅಭ್ಯಾಸ ಕೆಲವು ಕಡೆ ಇದೆ. ಕೊಯ್ಯುವವರಿಗೆ ಅರ್ಧ ದಿನ ಉಳಿಯುತ್ತದೆ. ಮರಕ್ಕೆ ಎಷ್ಟೋ ವರ್ಷದ ಟೊಂಗೆ ಹೋಗುತ್ತದೆ. ಅಘನಾಶಿನಿ, ಶರಾವತಿ ದಂಡೆಯ ಒಂದೊಂದು ಮರಕ್ಕೂ ಒಂದೊಂದು ಪರಿಮಳ. ಒಂದು ಜೀರಿಗೆ ವಾಸನೆ, ಇನ್ನೊಂದು ಕರ್ಪೂರದ್ದು. ಆ ಮರ ಹೋದರೆ ಆ ಪರಿಮಳವೂ ಹೋಯಿತು.

ದೋಟಿಗೆ ಬಲೆ ಕಟ್ಟಿ ತೊಟ್ಟು ಸಮೇತ ಕೊಯ್ಸಿ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ತಾಳುವುದೂ ಇಲ್ಲ. ಹತ್ತುವವರಿಗೆ ನೂರು ರೂಪಾಯಿ ಜಾಸ್ತಿ ಕೊಟ್ಟರೂ ಪರವಾಗಿಲ್ಲ, "ಟೊಂಗೆ ಕಡಿಯೂದು ಬ್ಯಾಡ" ಅಂತ ಮೊದಲೇ ಹೇಳಿಡಿ.

ಮನೆ ಹತ್ತಿರ ನೆಟ್ಟ ಕಸಿ ಅಪ್ಪೆ ಗಿಡ ಆದರೆ ಮೊದಲ ಮೂರು ನಾಲ್ಕು ವರ್ಷ ಆಕಾರ ಕೊಡಿ. ಸೊಂಟದೆತ್ತರಕ್ಕೆ ತುದಿ ಚಿವುಟಿ ಮೂರು ನಾಲ್ಕು ಟೊಂಗೆ ಬೇರೆ ಬೇರೆ ದಿಕ್ಕಿಗೆ ಬಿಡಿ.

ಗೇರು ಗಿಡಕ್ಕೆ?

ಎಳೆ ಗಿಡದಲ್ಲಿ ನೆಲದಿಂದ ಮುಕ್ಕಾಲು ಮೀಟರ್‌ನಿಂದ ಒಂದು ಮೀಟರ್‌ವರೆಗೆ ಬರುವ ಟೊಂಗೆ ತೆಗೆದು ಒಂದೇ ಬೊಡ್ಡೆ ಮಾಡಿಕೊಳ್ಳಿ. ನಾಲ್ಕೈದು ವರ್ಷವಾದ ಮೇಲೆ ತುದಿ ತೆಗೆದು ನಾಲ್ಕೈದು ಮೀಟರ್ ಎತ್ತರಕ್ಕೆ ನಿಲ್ಲಿಸಬಹುದು. ಸವರುವ ಕಾಲ ಆಗಸ್ಟ್, ಸೆಪ್ಟೆಂಬರ್, ಮಳೆ ಬಿಡುವು ಕೊಟ್ಟಾಗ. ಮಳೆ ಹಿಂದೆ ಸರಿದ ಮೇಲೆ ಬರುವ ಹೊಸ ಚಿಗುರಿನ ತುದಿಯಲ್ಲೇ ಅದಕ್ಕೆ ಹೂವು. ಡಿಸೆಂಬರ್‌ನಲ್ಲಿ ಮುಟ್ಟಲೇಬೇಡಿ.

ಗೇರಿನ ದೊಡ್ಡ ಶತ್ರು ಕಾಂಡ ಮತ್ತು ಬೇರು ಕೊರೆಯುವ ಹುಳು. ಬುಡದಲ್ಲಿ ಗಾಯ ಮಾಡಿದರೆ ಅದನ್ನು ಕರೆದ ಹಾಗೆ. ಕತ್ತಿಯಿಂದ ಬೊಡ್ಡೆಗೆ ಸುಮ್ನೆ ಕಚ್ಚು ಹಾಕುವ ಅಭ್ಯಾಸ ಇರುವವರು ಇದನ್ನು ನೆನಪಿಡಿ. ಬುಡದಲ್ಲಿ ಮರದ ಹೊಟ್ಟಿನಂಥ ಪುಡಿ, ಅಂಟು ಕಂಡರೆ ಆ ದಿನವೇ ಕೆತ್ತಿ ಹುಳು ತೆಗೆಯಬೇಕು.

ಶಿರಸಿಯಲ್ಲಿ ಮನೆ ಮುಂದೆ ದ್ರಾಕ್ಷಿ ಚಪ್ಪರ ಇದೆ. ಬಳ್ಳಿ ಸೊಂಪಾಗಿದೆ, ಹಣ್ಣು ಮಾತ್ರ ಇಲ್ಲ. ಚಳಿಗಾಲದಲ್ಲಿ ಕತ್ತರಿಸಬೇಕಂತೆ?

ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯುರೋಪಿನ ಕಡೆ ದ್ರಾಕ್ಷಿ ಬಳ್ಳಿ ಚಳಿಗೆ ಎಲೆ ಉದುರಿಸಿ ಒಣಗಿದ ಹಗ್ಗದ ಹಾಗೆ ನಿಲ್ಲುತ್ತದೆ. ಆಗ ವರ್ಷಕ್ಕೊಮ್ಮೆ ಕತ್ತರಿಸುತ್ತಾರೆ. ನಮ್ಮ ದೇಶದ ಈ ಭಾಗದಲ್ಲಿ ಬಳ್ಳಿ ಮಲಗುವುದೇ ಇಲ್ಲ. ಅದಕ್ಕೇ ವಿಜಯಪುರದ ರೈತರು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ಅವರ ಬಾಯಲ್ಲಿ ಅದು ಚಾಟ್ನಿ. ಏಪ್ರಿಲ್ ಚಾಟ್ನಿ ಒಂದು, ಅಕ್ಟೋಬರ್ ಚಾಟ್ನಿ ಇನ್ನೊಂದು.

ಏಪ್ರಿಲ್‌ನಲ್ಲಿ ಹಣ್ಣು ಮುಗಿದ ಬಳ್ಳಿಯನ್ನು ಹಿಂದಕ್ಕೆ ಮೋಟು ಮಾಡುತ್ತಾರೆ, ಒಂದೊಂದು ಕಡ್ಡಿಯಲ್ಲಿ ಒಂದು ಕಣ್ಣು ಬಿಟ್ಟು. ಆಗ ಹೊಸ ಕಡ್ಡಿ ಬರುತ್ತವೆ. ಆ ಕಡ್ಡಿಯ ಕಣ್ಣೊಳಗೆ, ಸುಮಾರು ಒಂದೂವರೆ ಎರಡು ತಿಂಗಳಲ್ಲಿ, ಮುಂದಿನ ಗೊಂಚಲು ಗುಟ್ಟಾಗಿ ರೂಪುಗೊಳ್ಳುತ್ತದೆ. ಅದಕ್ಕೆ ಬಿಸಿಲು ಬೇಕೇ ಬೇಕು. ಅಕ್ಟೋಬರ್‌ನಲ್ಲಿ ಆ ಬಲಿತ ಕಡ್ಡಿಯನ್ನು ತಳಿ ನೋಡಿಕೊಂಡು ಕೆಲವು ಕಣ್ಣು ಬಿಟ್ಟು ಕತ್ತರಿಸಿದರೆ, ಒಳಗಿದ್ದ ಗೊಂಚಲು ಚಿಗುರಿನ ಜೊತೆ ಹೊರಗೆ ಬರುತ್ತದೆ. ಅಲ್ಲಿಂದ ಸುಮಾರು ನಾಲ್ಕು ತಿಂಗಳಿಗೆ ಹಣ್ಣು.

ಈಗ ನಿಮ್ಮ ಚಪ್ಪರದ ವಿಚಾರ. ಬಳ್ಳಿಗೆ ಕತ್ತರಿಯನ್ನೇ ತೋರಿಸಿಲ್ಲ ಅಂದರೆ ಅದು ಎಲೆ ಬಿಡುತ್ತಾ ಹೋಗುತ್ತದೆ. ಎರಡನೆಯದು, ಕಣ್ಣೊಳಗೆ ಗೊಂಚಲು ಕಟ್ಟುವ ಹೊತ್ತಿಗೆ ನಮ್ಮಲ್ಲಿ ಮೋಡ, ಮಳೆ. ವಿಜಯಪುರದ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ನಮ್ಮಲ್ಲಿ ಜುಲೈ ಒಂದೇ ತಿಂಗಳು ಅಷ್ಟು ಸುರಿದುಬಿಡುತ್ತದೆ. ಒದ್ದೆ ಎಲೆಗೆ ಬೂಜು ತುಪ್ಪಟ ರೋಗ ಹಿಡಿದು ಎಲೆ ಉದುರಿದರೆ ಕಡ್ಡಿ ಬಲಿಯುವುದಾದರೂ ಹೇಗೆ? ಹಾಗಾಗಿ ಥಾಮ್ಸನ್ ಸೀಡ್‌ಲೆಸ್ ತಂದು ನೆಟ್ಟವರಿಗೆ ನಾನು ನೇರವಾಗಿ ಹೇಳುತ್ತೇನೆ, ಆಸೆ ಇಟ್ಟುಕೊಳ್ಳಬೇಡಿ. ಬೆಂಗಳೂರು ನೀಲಿ ಗಟ್ಟಿ ತಳಿ, ರೋಗ ತಾಳುತ್ತದೆ, ಶಿರಸಿ ಸೀಮೆಯ ಅಂಗಳಕ್ಕೆ ಅದು ಆಗಬಹುದು. ಹುಳಿ ಮಿಶ್ರಿತ ಸಿಹಿ, ಬೀಜ ಇದೆ, ಜ್ಯೂಸಿಗೆ ಬಲು ರುಚಿ.

ತವರಿನ ಚಪ್ಪರದಲ್ಲಿ ನಾನು ಹೀಗೆ ಮಾಡುತ್ತೇನೆ. ಮಾರ್ಚ್ ಕೊನೆಗೆ, ಏಪ್ರಿಲ್ ಮೊದಲಿಗೆ ಹಿಂದಕ್ಕೆ ಕತ್ತರಿಸಿ ಬುಡಕ್ಕೆ ಗೊಬ್ಬರ ಕೊಡುತ್ತೇನೆ. ಮೇ ತಿಂಗಳ ಬಿಸಿಲಿನಲ್ಲೇ ಹೊಸ ಕಡ್ಡಿಯ ಕೆಲಸ ಆಗಿಬಿಡಬೇಕು ಅನ್ನುವುದು ಲೆಕ್ಕ. ಕಡ್ಡಿಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಚಪ್ಪರಕ್ಕೆ ಬಾಳೆ ನಾರಿನಲ್ಲಿ ಕಟ್ಟುತ್ತೇನೆ. ಮಳೆಗಾಲದಲ್ಲಿ ರೋಗದ ಎಲೆ ಕಿತ್ತು ಸುಡುತ್ತೇನೆ. ಅಕ್ಟೋಬರ್ ಕೊನೆಗೆ ಗುಡುಗಿನ ಮಳೆ ಮುಗಿದದ್ದು ಖಾತ್ರಿಯಾದ ಮೇಲೆ ಎರಡನೇ ಕತ್ತರಿ.

ಆಗ ಒಂದು ಕಡ್ಡಿ ಕೈಯಲ್ಲಿ ಹಿಡಿದು ನೋಡಿ. ಹಸಿರಿದ್ದರೆ ಇನ್ನೂ ಎಳೆಯದು. ತೊಗಟೆ ಕಂದು ತಿರುಗಿ, ಪೆನ್ಸಿಲ್ ದಪ್ಪ ಆಗಿ, ಬಗ್ಗಿಸಿದರೆ ಚಟ್ ಅಂತ ಸದ್ದು ಬರುವ ಹಾಗಿದ್ದರೆ ಬಲಿತಿದೆ. ಅಂಥದ್ದರಲ್ಲಿ ಬುಡದಿಂದ ನಾಲ್ಕೈದು ಉಬ್ಬಿದ ಕಣ್ಣು ಎಣಿಸಿ, ಕೊನೆಯ ಕಣ್ಣಿನಿಂದ ಒಂದು ಬೆರಳು ಮೇಲೆ ಓರೆಯಾಗಿ ಕತ್ತರಿಸಿ. ಓರೆ ಕಣ್ಣಿನ ವಿರುದ್ಧ ದಿಕ್ಕಿಗೆ ಇರಲಿ, ನೀರು ಕಣ್ಣಿನ ಮೇಲೆ ಇಳಿಯಬಾರದು. ಸೂಜಿಯಷ್ಟು ತೆಳು ಕಡ್ಡಿಗಳನ್ನು ಪೂರ್ತಿ ತೆಗೆದುಬಿಡಿ. ಕತ್ತರಿಸಿ ಮುಗಿದ ಮೇಲೆ ಚಪ್ಪರ ಬೋಳಾಗಿ ಕಾಣುತ್ತದೆ, ಅಮ್ಮ ಪ್ರತಿ ವರ್ಷ "ಬಳ್ಳಿ ಸತ್ತೇ ಹೋಯ್ತು" ಅಂತ ಮರುಗುತ್ತಾಳೆ. ಎರಡು ವಾರದಲ್ಲಿ ಕಣ್ಣು ಒಡೆಯುತ್ತದೆ.

ದೊಡ್ಡ ತೋಟದವರು ಎಲ್ಲ ಕಣ್ಣೂ ಒಟ್ಟಿಗೆ ಒಡೆಯಲಿ ಅಂತ ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಅದು ವಿಷ, ಮನೆ ಅಂಗಳಕ್ಕೆ ತರಬೇಡಿ.

ಕಾರವಾರದಲ್ಲಿ, ಕಡಲ ಹತ್ತಿರ ದ್ರಾಕ್ಷಿ?

ನೆರಳಿಗೆ ಬೇಕಾದರೆ ಬೆಳೆಸಿ. ಹಣ್ಣಿಗೆ ಅಂತ ಕಷ್ಟಪಡಬೇಡಿ. ಅದೇ ಜಾಗಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದರೆ ಮನೆ ಖರ್ಚಿಗಾದರೂ ಆಗುತ್ತದೆ.

ದ್ರಾಕ್ಷಿ ಕತ್ತರಿಸಿದಲ್ಲಿ ನೀರು ತೊಟ್ಟಿಕ್ತಾ ಇದೆ. ಬಳ್ಳಿ ಸಾಯುತ್ತಾ?

ಇಲ್ಲ. ಬೇರು ಮೇಲೆ ತಳ್ಳಿದ ನೀರು ಅದು. ಕೆಲವು ದಿನ ತೊಟ್ಟಿಕ್ಕಿ ತಾನಾಗಿ ನಿಲ್ಲುತ್ತದೆ. ಮೇಣ ಮೆತ್ತುವುದು, ಬಟ್ಟೆ ಕಟ್ಟುವುದು ಯಾವುದೂ ಬೇಡ.

ಪೇರಲೆ ಹಣ್ಣಿನಲ್ಲಿ ಮಳೆಗಾಲದಲ್ಲಿ ಬರೀ ಹುಳ. ಸವರಿದ್ರೆ ಕಡಿಮೆ ಆಗುತ್ತಾ?

ಆಗುತ್ತದೆ. ಪೇರಲೆ ವರ್ಷದಲ್ಲಿ ಎರಡು ಮೂರು ಸಲ ಹೂ ಬಿಡುತ್ತದೆ. ಫೆಬ್ರುವರಿ ಮಾರ್ಚ್‌ನಲ್ಲಿ ಬಿಟ್ಟ ಹೂವು ಮಳೆಗಾಲಕ್ಕೆ ಹಣ್ಣಾಗುತ್ತದೆ. ಅದು ಸಪ್ಪೆ, ಹಣ್ಣು ನೊಣದ ಕಾಟ ಬೇರೆ. ಹಾಗಾಗಿ ಆ ಬೆಳೆಯನ್ನೇ ಬಿಟ್ಟುಬಿಡಿ. ಏಪ್ರಿಲ್ ಕೊನೆ, ಮೇ ಮೊದಲಿಗೆ ಈ ವರ್ಷ ಬಂದ ಚಿಗುರನ್ನೆಲ್ಲ ಅರ್ಧಕ್ಕೆ ಕತ್ತರಿಸಿ, ಸಣ್ಣ ಕಾಯಿ ಇದ್ದರೂ ಸೈ. ಕಾಯಿ ಕಂಡಾಗ ಕೈ ಬರುವುದಿಲ್ಲ, ನನಗೂ ಬರುತ್ತಿರಲಿಲ್ಲ. ಆದರೆ ಮೊದಲ ಮಳೆಗೆ ಹೊಸ ಚಿಗುರು ಬಂದು, ಅದರಲ್ಲೇ ಹೂವಾಗಿ, ಮಳೆ ಹೋದ ಮೇಲೆ ಹಣ್ಣು ಸಿಗುತ್ತದೆ. ನವೆಂಬರ್ ಚಳಿಯಲ್ಲಿ ಬಲಿತ ಪೇರಲೆಯ ರುಚಿ ಒಂದು ಸಲ ನೋಡಿದರೆ ನೀವೇ ಮುಂದಿನ ವರ್ಷ ಕತ್ತರಿ ಹುಡುಕುತ್ತೀರಿ.

ಹಲಸು, ಚಿಕ್ಕು, ಮುರುಗಲು?

ಹಲಸಿಗೆ ಕಾಯಿ ಮುಗಿದ ಮೇಲೆ ಹಳೆ ತೊಟ್ಟಿನ ಮೋಟು ತೆಗೆಯಿರಿ. ಬೊಡ್ಡೆ ಮೇಲೆ ಸಣ್ಣ ಎಲೆ ಇರುವ ಕುಡಿಗಳನ್ನು ಮಾತ್ರ ಚೊಕ್ಕ ಮಾಡುವ ಹುರುಪಿನಲ್ಲಿ ಸವರಬೇಡಿ, ಕಾಯಿ ಕೂರುವ ಜಾಗ ಅದು. ಗರಗಸಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಮೇಣ ಹಿಡಿಯುವುದಿಲ್ಲ.

ಚಿಕ್ಕು ನಿಧಾನದ ಮರ. ಒಣಗಿದ್ದು ತೆಗೆಯಿರಿ, ಕಸಿ ಗಂಟಿನ ಕೆಳಗೆ ಬಂದ ಚಿಗುರು ತೆಗೆಯಿರಿ. ಸಾಕು.

ಮುರುಗಲು ನವೆಂಬರ್‌ನಿಂದ ಹೂ ಬಿಡುವ ಮರ, ಚಳಿಗಾಲದಲ್ಲಿ ಕತ್ತಿ ಬೇಡ. ಅಡ್ಡ ಟೊಂಗೆಯ ಕಡ್ಡಿಯಿಂದ ಕಸಿ ಮಾಡಿದ ಗಿಡ ನೆಲದ ಮೇಲೆ ಹರಡಿಕೊಳ್ಳುತ್ತದೆ. ಅಂಥದ್ದಕ್ಕೆ ಗೂಟ ಕಟ್ಟಿ ನೆಟ್ಟಗೆ ಮಾಡಿ, ನೆಲಕ್ಕೆ ತಾಗುವ ಟೊಂಗೆ ತೆಗೆಯಿರಿ. ಇನ್ನೊಂದು ಮಾತು. ಮುರುಗಲಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡುವುದಿಲ್ಲ ಅಂತ ಊರಿನ ಗಂಡು ಮರವನ್ನೆಲ್ಲ ಕಡಿದುಬಿಡಬೇಡಿ.

ನಿಂಬೆ ಗಿಡದಲ್ಲಿ ನೆಟ್ಟಗೆ, ದಪ್ಪಗೆ ಚಿಗುರು ಬರ್ತಾ ಇದೆ. ಖುಷಿ ಪಡಬೇಕಾ?

ಬೇಡ, ಅದು ನೀರು ಚಿಗುರು. ಎಲೆ ದೊಡ್ಡದು, ಮುಳ್ಳು ಉದ್ದ, ಬಿರುಸಾಗಿ ಮೇಲೆ ಹೋಗುತ್ತದೆ, ಕಾಯಿ ಮಾತ್ರ ಕೊಡುವುದಿಲ್ಲ. ಎಳೆಯದಿದ್ದಾಗ ಕೈಯಲ್ಲೇ ಚಿವುಟಿದರೆ ಗಾಯವೂ ಇಲ್ಲ. ಕಸಿ ಗಂಟಿನ ಕೆಳಗಿಂದ ಬಂದಿದ್ದರೆ ಇನ್ನೂ ಅಪಾಯ, ಅದು ಬೇರೆಯದೇ ಗಿಡ. ಬಿಟ್ಟರೆ ಎರಡು ಮೂರು ವರ್ಷದಲ್ಲಿ ನೀವು ದುಡ್ಡು ಕೊಟ್ಟು ತಂದ ಕಸಿಯನ್ನೇ ನುಂಗಿ ನಿಲ್ಲುತ್ತದೆ.

ದೊಡ್ಡ ಟೊಂಗೆ ಕಡಿದಾಗ ತೊಗಟೆ ಸಿಗಿದು ಕೆಳಗಿನ ತನಕ ಬರುತ್ತೆ. ಏನ್ಮಾಡೋದು?

ಒಂದೇ ಏಟಿಗೆ ಕಡಿಯುವುದರಿಂದ ಹಾಗಾಗುತ್ತದೆ. ಟೊಂಗೆಯ ಭಾರ ಅರ್ಧ ಕಡಿದಾಗಲೇ ಕೆಳಗೆ ಎಳೆದು, ಬೊಡ್ಡೆಯ ತೊಗಟೆಯನ್ನು ಸುಲಿದುಕೊಂಡು ಹೋಗುತ್ತದೆ. ಮೂರು ಕಚ್ಚಿನಲ್ಲಿ ತೆಗೆಯಿರಿ. ಮೊದಲು ಬೊಡ್ಡೆಯಿಂದ ಒಂದು ಅಡಿ ದೂರದಲ್ಲಿ, ಟೊಂಗೆಯ ಕೆಳಗಿನಿಂದ ಮೇಲಕ್ಕೆ ಮೂರನೇ ಒಂದು ಭಾಗ ಗರಗಸ ಹಾಕಿ. ಆಮೇಲೆ ಅದಕ್ಕಿಂತ ಎರಡು ಮೂರು ಇಂಚು ಆಚೆ, ಮೇಲಿನಿಂದ ಕೊಯ್ಯಿರಿ. ಟೊಂಗೆ ಮುರಿದು ಬೀಳುತ್ತದೆ, ಸಿಗಿತ ಕೆಳಗಿನ ಕಚ್ಚಿಗೆ ಬಂದು ನಿಲ್ಲುತ್ತದೆ. ಈಗ ಉಳಿದದ್ದು ಭಾರವಿಲ್ಲದ ಮೋಟು. ಅದನ್ನು ಕೊನೆಗೆ ತೆಗೆಯಿರಿ.

ಎಲ್ಲಿಗೆ ತೆಗೆಯಬೇಕು ಅನ್ನುವುದು ಮುಖ್ಯ. ಟೊಂಗೆ ಬೊಡ್ಡೆಯನ್ನು ಸೇರುವಲ್ಲಿ ಹತ್ತಿರದಿಂದ ನೋಡಿ. ಮೇಲ್ಭಾಗದಲ್ಲಿ ತೊಗಟೆ ಸೀರೆಯ ನೆರಿಗೆ ಹಾಗೆ ಮಡಿಚಿರುತ್ತದೆ. ಕೆಳಭಾಗದಲ್ಲಿ ಸಣ್ಣ ಉಬ್ಬು, ಬಳೆ ತೊಟ್ಟ ಹಾಗೆ. ಆ ಉಬ್ಬನ್ನು ಬಿಟ್ಟು, ಅದರ ಅಂಚಿಗೆ ಕೊಯ್ಯಬೇಕು. ಗಾಯ ಮುಚ್ಚುವ ಹೊಸ ತೊಗಟೆ ಬರುವುದು ಆ ಬಳೆಯಿಂದಲೇ. ಚೊಕ್ಕ ಕಾಣಲಿ ಅಂತ ಬೊಡ್ಡೆಗೆ ಸಮ ಮಾಡಿದರೆ ಬಳೆಯೇ ಹೋಯಿತು. ಒಂದು ಗೇಣು ಮೋಟು ಬಿಟ್ಟರೆ ಅದು ಕೊಳೆತು ಒಳಗೆ ಪೊಟರೆ ಆಗುತ್ತದೆ. ಸರಿಯಾಗಿ ಕೊಯ್ದ ಗಾಯ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಸುತ್ತಲಿಂದ ತುಟಿಯ ಹಾಗೆ ಮುಚ್ಚುತ್ತಾ ಬರುತ್ತದೆ. ಆ ಸುತ್ತು ಪೂರ್ತಿ ಉಂಗುರವಾಗಿ ಕಂಡರೆ ನಿಮ್ಮ ಕೊಯ್ತ ಸರಿ ಇತ್ತು ಅಂತಲೇ ಅರ್ಥ.

ಗಾಯಕ್ಕೆ ಏನು ಹಚ್ಚಬೇಕು? ಸಗಣಿ? ಪೇಂಟ್?

ಬೋರ್ಡೋ ಪೇಸ್ಟ್. ಅಡಿಕೆ ತೋಟ ಇರುವ ಮನೆಯಲ್ಲಿ ಮೈಲುತುತ್ತ, ಸುಣ್ಣ ಎರಡೂ ಇದ್ದೇ ಇರುತ್ತವೆ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಲ್ಲಿ ಕರಗಿಸಿ. 100 ಗ್ರಾಂ ಒಳ್ಳೆ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಕಲಸಿ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಇರಲಿ, ಕಬ್ಬಿಣ ಬೇಡ. ಮೈಲುತುತ್ತದ ನೀರನ್ನು ಸುಣ್ಣಕ್ಕೆ ಹೊಯ್ಯುತ್ತಾ ಕದಡಿ. ಆಕಾಶದ ಬಣ್ಣ ಬರುತ್ತದೆ. ಒಂದು ಹೊಳೆಯುವ ಕತ್ತಿಯನ್ನು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಕತ್ತಿಗೆ ಕೆಂಪು ಕೂತರೆ ಸುಣ್ಣ ಕಡಿಮೆ ಆಗಿದೆ, ಇನ್ನಷ್ಟು ಹಾಕಿ. ಅದೇ ದಿನ ಬ್ರಷ್‌ನಿಂದ ಹಚ್ಚಿ ಮುಗಿಸಿ.

ಹೆಬ್ಬೆರಳಿಗಿಂತ ತೆಳು ಟೊಂಗೆಯ ಗಾಯಕ್ಕೆ ಏನೂ ಬೇಡ. ಎಣ್ಣೆ ಪೇಂಟ್ ಬಳಿಯಬೇಡಿ, ಪದರ ಬಿರುಕು ಬಿಟ್ಟು ಒಳಗೆ ನೀರು ನಿಲ್ಲುತ್ತದೆ.

ಈ ಔಷಧ ನಮಗೆ ಬಂದದ್ದೇ ದ್ರಾಕ್ಷಿಯಿಂದ. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿಯ ಬೂಜು ರೋಗಕ್ಕೆ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಇದನ್ನು ಪ್ರಕಟಿಸಿದರು. ಮುಂದೆ ಮೈಸೂರು ಸೀಮೆಯಲ್ಲಿ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆರೋಗಕ್ಕೆ ಇದನ್ನೇ ಹೊಡೆಸಿ ತೋರಿಸಿದರು. ಇವತ್ತು ಮಳೆಗಾಲ ಬಂತೆಂದರೆ ಶಿರಸಿ, ಸಿದ್ದಾಪುರದ ಕೊನೆಗೌಡರು, ಅಂದರೆ ಅಡಿಕೆ ಕೊನೆ ಇಳಿಸುವವರು, ಮರ ಹತ್ತಿ ಹೊಡೆಯುವುದು ಇದನ್ನೇ.

ಕತ್ತಿ ಸಾಕಾ, ಬೇರೆ ಸಾಮಾನು ಬೇಕಾ?

ಕತ್ತಿ ಸೊಪ್ಪಿಗೆ, ಕಟ್ಟಿಗೆಗೆ. ಹಣ್ಣಿನ ಮರಕ್ಕೆ ಒಂದು ಸಿಕೇಚರ್ (ಗಿಡ ಸವರುವ ಕೈ ಕತ್ತರಿ), ಒಂದು ಬಾಗಿದ ಕೈ ಗರಗಸ ತಗೊಳ್ಳಿ. ರೋಗದ ಟೊಂಗೆ ತೆಗೆದ ಮೇಲೆ ಮುಂದಿನ ಮರಕ್ಕೆ ಹೋಗುವ ಮೊದಲು ಸ್ಪಿರಿಟ್ ಬಟ್ಟೆಯಿಂದ ಅಲಗು ಒರೆಸಿ. ವಿದ್ಯುತ್ ತಂತಿ ಹತ್ತಿರದ ಟೊಂಗೆಯನ್ನು ನೀವೇ ತೆಗೆಯಲು ಹೋಗಬೇಡಿ, ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿ.

ಹಳೆ ಮಾವಿನ ಮರ ಮನೆ ಮೇಲೆ ವಾಲಿದೆ. ಪೂರ್ತಿ ತಗ್ಗಿಸಬೇಕು. ಅದಕ್ಕೂ ಮೇ ತಿಂಗಳೇ?

ಅದು ನಿಜಕ್ಕೂ ಮಳೆ ಹೋದ ಮೇಲಿನ ಕೆಲಸ. ಹೇಗೂ ಎರಡು ಮೂರು ವರ್ಷ ಫಸಲು ಹೋಗುತ್ತದೆ, ಹೂವಿನ ಚಿಂತೆ ಇಲ್ಲ. ದೊಡ್ಡ ಗಾಯ ಒಣಗಲು ಒಣ ಹವೆ ಬೇಕು. ಲಖನೌ ಕಡೆ ಹಳೆ ದಶೇರಿ ಮರಗಳನ್ನು ಡಿಸೆಂಬರ್‌ನಲ್ಲೇ ಹೀಗೆ ತಗ್ಗಿಸುತ್ತಾರೆ. ನಮ್ಮಲ್ಲಿ ನವೆಂಬರ್ ಆಗಬಹುದು. ಒಂದೇ ಸಲ ಬೋಳು ಮಾಡಬೇಡಿ. ಮೊದಲ ವರ್ಷ ಅರ್ಧ, ಮುಂದಿನ ವರ್ಷ ಉಳಿದರ್ಧ. ಬಿಸಿಲು ಕಾಣದ ಬೊಡ್ಡೆಗೆ ಒಮ್ಮೆಲೇ ಬಿಸಿಲು ಬಿದ್ದರೆ ತೊಗಟೆ ಸುಟ್ಟು ಕಾಂಡ ಕೊರೆಯುವ ಹುಳು ಹೊಗುತ್ತದೆ, ಸುಣ್ಣ ಬಳಿಯಿರಿ. ಚಿಗುರು ಗುಂಪಾಗಿ ಬಂದಾಗ ಒಂದೊಂದು ಮೋಟಿಗೆ ನಾಲ್ಕೈದು ಗಟ್ಟಿ ಚಿಗುರು ಬಿಟ್ಟು ಉಳಿದದ್ದು ತೆಗೆಯಿರಿ.

ಕಡಲ ಹತ್ತಿರದ ಮನೆಯಾದರೆ ಪಡುವಣ ಬದಿಯ ಟೊಂಗೆಗಳನ್ನು ಆದಷ್ಟು ಉಳಿಸಿ. ಉಪ್ಪು ಗಾಳಿಯನ್ನು ತಡೆಯುವುದು ಅವೇ.

ಹಾಗಾದ್ರೆ ಚಳಿಗಾಲದಲ್ಲಿ ಸುಮ್ನೆ ಕೂರೋದಾ?

ಇಲ್ಲ, ಬಂದಳಿಕೆ ತೆಗೆಯಿರಿ. ಮಾವಿನ ಮರದಲ್ಲಿ ಬೇರೆಯದೇ ಎಲೆಯ ಪೊದೆ ಕಾಣುತ್ತದಲ್ಲ, ಅದೇ. ಸಣ್ಣ ಹಕ್ಕಿಗಳು ಅದರ ಹಣ್ಣು ತಿಂದು ಅಂಟು ಬೀಜವನ್ನು ಇನ್ನೊಂದು ಟೊಂಗೆಗೆ ಅಂಟಿಸಿ ಹೋಗುತ್ತವೆ. ಮಳೆ ಹೋಗಿ ಬೆಳಕು ಬಂದ ಮೇಲೆ ಎದ್ದು ಕಾಣುತ್ತದೆ. ಎಲೆ ಕಿತ್ತರೆ ಮತ್ತೆ ಬರುತ್ತದೆ. ಅಂಟಿಕೊಂಡ ಗಂಟಿಗಿಂತ ಒಂದು ಅಡಿ ಕೆಳಗೆ ಟೊಂಗೆ ಸಮೇತ ಕೊಯ್ಯಬೇಕು. ಒಂದೆರಡು ಹೂವಿನ ಟೊಂಗೆ ಹೋದರೂ ಹೋಗಲಿ. ಬಿಟ್ಟರೆ ಅದು ಮರವನ್ನೇ ತಿನ್ನುತ್ತದೆ.

ಒಣ ಟೊಂಗೆ ಯಾವ ಕಾಲದಲ್ಲೂ ತೆಗೆಯಬಹುದು. ಮತ್ತೆ, ಮರಗಳನ್ನು ನೋಡುತ್ತಾ ತಿರುಗಿ. ಮೇ ತಿಂಗಳಲ್ಲಿ ಯಾವುದನ್ನು ತೆಗೆಯಬೇಕು ಅಂತ ಈಗಲೇ ಸುಣ್ಣದ ಗುರುತು ಹಾಕಿಡಿ. ಹೂ ಬಿಟ್ಟಾಗ ಯಾವ ಟೊಂಗೆ ಖಾಲಿ ನಿಂತಿದೆ ಅಂತ ಕಾಣುವುದು ಈಗ ಮಾತ್ರ.

ಅಮಾವಾಸ್ಯೆ, ಹುಣ್ಣಿಮೆ ನೋಡಬೇಕಾ?

ಮನೆಯ ಹಿರಿಯರು ನೋಡುವುದಾದರೆ ನೋಡಿ, ಬೇಡ ಅನ್ನುವುದಿಲ್ಲ. ನನ್ನ ಕೈಯಲ್ಲಿ ಅದರಿಂದ ವ್ಯತ್ಯಾಸ ಕಂಡಿಲ್ಲ. ಸವರಿದ ಮೇಲೆ ಮೂರು ದಿನ ಮಳೆ ಬರದಿದ್ದರೆ ಅದೇ ಒಳ್ಳೆ ದಿನ.

ಸವರಿದ ಟೊಂಗೆ, ಸೊಪ್ಪು ಏನು ಮಾಡೋದು?

ಹಸಿ ಸೊಪ್ಪು ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರದ ಗುಂಡಿಗೆ. ನೀವು ಹೀಗೆ ಒಂದು ಹೊರೆ ಸೊಪ್ಪು ಅಂಗಳದಲ್ಲೇ ಪಡೆದರೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಮರಕ್ಕೆ ಒಂದು ಹೊರೆ ಉಳಿಯಿತು. ಬೆರಳು ದಪ್ಪದ ಕಡ್ಡಿ ತುಂಡು ಮಾಡಿ ಗಿಡದ ಬುಡಕ್ಕೆ ಮುಚ್ಚಿಗೆ ಹಾಕಿ. ದಪ್ಪ ಟೊಂಗೆ ಬಚ್ಚಲ ಒಲೆಗೆ. ಹುಳು ಕೊರೆದದ್ದು, ರೋಗದ್ದು, ಬಂದಳಿಕೆ ಮಾತ್ರ ಮರದ ಬುಡದಲ್ಲಿ ರಾಶಿ ಹಾಕಬೇಡಿ. ತೂತು ಇರುವ ಟೊಂಗೆಯೊಳಗೆ ಮರಿಹುಳು ಇನ್ನೂ ಬದುಕಿರುತ್ತದೆ, ಒಣಗಲಿ ಅಂತ ಕಾಯದೆ ಅದೇ ವಾರ ಒಲೆಗೆ ಹಾಕಿ.